ತೋಟಕ್ಕೆ ಯಾವ ತೋಟಾ?

ಸಂಘದ ಕಚೇರಿಗೆ ಬರುವ ಸದಸ್ಯ ಬಾಂಧವರು ಗೊಬ್ಬರ, ಸುಣ್ಣ, ಮೈಲುತುತ್ತದ ಮಾತು ಮುಗಿಸಿ ಏಳುವ ಹೊತ್ತಿಗೆ ನಮ್ಮನ್ನು ತಪ್ಪದೆ ಕೇಳುವ ಪ್ರಶ್ನೆಯೊಂದುಂಟು. ಹಂದಿ ಕಾಟಕ್ಕೆ ಯಾವ ತೋಟಾ ಒಳ್ಳೆಯದು? ಎಲ್‌ಜಿಯೋ, ಎಸ್‌ಜಿಯೋ, ಒಂಟಿ ಗುಂಡೋ? ಈಚೆಗೆ ಕಿರಿಯರು ಇದಕ್ಕೆ ಇನ್ನೊಂದನ್ನು ಸೇರಿಸಿದ್ದಾರೆ. ಅಮೆರಿಕದ ರೈತರು ಸಣ್ಣ ರೈಫಲಿನಿಂದ ಇನ್ನೂರು ಮುನ್ನೂರು ಗಜದಾಚೆಯ ಉಪದ್ರವಿ ಪ್ರಾಣಿಗಳನ್ನು ಹೊಡೆಯುತ್ತಾರಂತೆ, ನಮಗೂ ಅಂಥದೊಂದು ಏಕಾಗಬಾರದು ಎಂಬುದು ಅವರ ವಾದ.

ಪ್ರಶ್ನೆ ಹಗುರವಾದುದಲ್ಲ. ಎರಡು ಮೂರು ಎಕರೆಯ ಹಿಡುವಳಿದಾರನ ತೋಟಕ್ಕೆ ಒಂದು ರಾತ್ರಿ ಹಂದಿ ಹಿಂಡು ನುಗ್ಗಿತೆಂದರೆ ಮಳೆಗಾಲದಲ್ಲಿ ನೆಟ್ಟ ಅಡಿಕೆ ಸಸಿ, ಬಾಳೆಯ ಕಂದು, ಶುಂಠಿಯ ಮಡಿ ಎಲ್ಲವೂ ಬೆಳಗಾಗುವುದರೊಳಗೆ ಬುಡಮೇಲು. ಹಗಲು ಮಂಗಗಳು ಎಳೆ ಅಡಿಕೆಯನ್ನು ಕಚ್ಚಿ ಉದುರಿಸುತ್ತವೆ. ಆದರೆ ತೋಟಾದ ಆಯ್ಕೆಯಲ್ಲಿ ಬೆಳೆಯ ಜೊತೆಗೆ ಮನುಷ್ಯರ ಪ್ರಾಣವೂ ಸೇರಿದೆ. ಆದ್ದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ.

ಕಾನೂನು ಹೇಳುವುದೇನು?

1959ರ ಆಯುಧ ಅಧಿನಿಯಮದ 13ನೇ ಕಲಮಿನಲ್ಲಿ ಬೆಳೆ ರಕ್ಷಣೆಯ ಕೋವಿ ಯಾವುದೆಂದು ಸ್ಪಷ್ಟವಾಗಿ ಹೇಳಿದೆ. ಮೊದಲ ಆಯ್ಕೆ ಬಾಯಿಯಿಂದ ಮದ್ದು ತುಂಬುವ ಕೋವಿ, ಎಂದರೆ ನಮ್ಮ ಹಳೆಯ ಕೇಪಿನ ಕೋವಿ. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ 20 ಅಂಗುಲಕ್ಕೆ ಕಡಿಮೆಯಿಲ್ಲದ ನಳಿಗೆಯ, ಒಳಮೈ ನುಣುಪಾದ ತೋಟಾ ಕೋವಿ. ರೈಫಲಿನ ಮಾತು ಅಲ್ಲಿಲ್ಲ. ಪಾಯಿಂಟ್ 22 ರೈಫಲಿನ ಪ್ರಸ್ತಾಪ ಅದೇ ಕಲಮಿನಲ್ಲಿ ಬಂದರೂ ಅದು ರೈಫಲ್ ಸಂಘಗಳ ಸದಸ್ಯರು ಗುರಿ ಅಭ್ಯಾಸ ಮಾಡುವುದಕ್ಕೆಂದು ಬಂದಿದೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿತು. ಆದರೆ ಕೋವಿ ಇಟ್ಟುಕೊಳ್ಳುವ ಹಕ್ಕು ಬೇರೆ, ಕಾಡುಪ್ರಾಣಿಗೆ ಹೊಡೆಯುವ ಹಕ್ಕು ಬೇರೆ.

ಈ ಎರಡನೆಯದನ್ನು ನಿರ್ಧರಿಸುವುದು 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಕಾಡುಹಂದಿ ಎರಡನೇ ಅನುಸೂಚಿಯಲ್ಲಿದೆ. ನಿಂತ ಬೆಳೆಗೆ ಹಾನಿ ಮಾಡುವ ಹಂದಿಯನ್ನು ಹೊಡೆಯಬೇಕಾದರೆ 11ನೇ ಕಲಮಿನ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರ, ಇಲ್ಲವೆ ಅವರು ಅಧಿಕಾರ ಕೊಟ್ಟ ಅಧಿಕಾರಿಯ ಲಿಖಿತ ಆದೇಶ ಬೇಕು. ಹಾಗೆ ಹೊಡೆದ ಪ್ರಾಣಿಯೂ ಸರ್ಕಾರದ ಸ್ವತ್ತು, ಅದನ್ನು ಪಾಲು ಹಾಕುವಂತಿಲ್ಲ.

ಇನ್ನೊಂದು ಅಂಶವನ್ನು ಸದಸ್ಯರು ಗಮನಿಸಬೇಕು. ಆ ಅಧಿನಿಯಮದಲ್ಲಿ ಬೇಟೆ ಎಂಬ ಪದಕ್ಕೆ ಪ್ರಾಣಿಯನ್ನು ಗಾಯಗೊಳಿಸುವುದೂ ಸೇರಿದೆ. ಮಂಗಗಳಿಗೆ ಸ್ವಲ್ಪ ಬಿಸಿ ಮುಟ್ಟಲಿ ಎಂದು ಸಣ್ಣ ಚರೆ ಹಾರಿಸುವ ರೂಢಿ ನಮ್ಮಲ್ಲಿ ಹಲವೆಡೆ ಉಂಟು. ಕೊಂದಿಲ್ಲವಲ್ಲ ಎಂಬ ಸಮಾಧಾನ ಕಾನೂನಿನ ಮುಂದೆ ನಿಲ್ಲುವುದಿಲ್ಲ. ಉರುಳು, ಸಿಡಿಮದ್ದುಗಳ ಮಾತನ್ನಂತೂ ಎತ್ತುವುದೇ ಬೇಡ. ಅವು ಹಂದಿ ಯಾವುದು, ಆನೆ ಯಾವುದು, ನೆರೆಮನೆಯ ದನ ಯಾವುದು ಎಂದು ನೋಡುವುದಿಲ್ಲ.

ಅಮೆರಿಕದ ಲೆಕ್ಕ ಬೇರೆ

ಕಿರಿಯರು ಹೇಳುವ ಅಮೆರಿಕದ ಸಂಗತಿ ಸುಳ್ಳಲ್ಲ. ಅಲ್ಲಿ ಇಂಥ ಪ್ರಾಣಿಗಳಿಗೆ ವಾರ್ಮಿಂಟ್ ಎನ್ನುತ್ತಾರೆ. ಹುಲ್ಲುಗಾವಲನ್ನು ತೋಡುವ ಗ್ರೌಂಡ್‌ಹಾಗ್, ಪ್ರೇರಿ ಡಾಗ್ ಎಂಬ ಬಿಲವಾಸಿಗಳು ಈ ಗುಂಪಿನವು. ಇವಕ್ಕಾಗಿಯೇ ಅಲ್ಲಿ ವಿಶೇಷ ತೋಟಾಗಳನ್ನು ತಯಾರಿಸಿದ್ದಾರೆ. 1930ರಲ್ಲಿ ಪಾಯಿಂಟ್ 22 ಹಾರ್ನೆಟ್ ಮಾರುಕಟ್ಟೆಗೆ ಬಂತು, ಅದರ ವೇಗ ಸೆಕೆಂಡಿಗೆ ಸುಮಾರು 2,700 ಅಡಿ. 1935ರಲ್ಲಿ ಬಂದ 220 ಸ್ವಿಫ್ಟ್ 4,000 ಅಡಿಯನ್ನು ದಾಟಿತು. 1950ರಲ್ಲಿ 222 ರೆಮಿಂಗ್ಟನ್, 1960ರ ದಶಕದಲ್ಲಿ 223 ಮತ್ತು 22-250 ಬಂದವು. ಇವೆರಡು ಕ್ರಮವಾಗಿ 3,200 ಹಾಗೂ 3,600 ಅಡಿಯ ಆಸುಪಾಸಿನವು.

ಅಲ್ಲಿನವರು ಇವುಗಳಲ್ಲಿ ಒಂದನ್ನು ಆರಿಸುವ ರೀತಿಯನ್ನು ಮಾತ್ರ ನಾವು ತಿಳಿಯಬೇಕು. ಬಯಲು ದೂರವಾದಷ್ಟೂ ವೇಗದ ತೋಟಾ, ಮನೆಗಳು ಹತ್ತಿರವಾದಷ್ಟೂ ಸದ್ದು ಕಡಿಮೆಯ ಹಾರ್ನೆಟ್. ಹಗುರವಾದ ಗುಂಡು ಅತಿವೇಗದಿಂದ ಹೋಗಿ ನೆಲಕ್ಕೆ ತಗುಲಿದರೆ ಪುಡಿಯಾಗುತ್ತದೆ, ಪುಟಿದು ಇನ್ನೊಬ್ಬರ ಹೊಲಕ್ಕೆ ಹೋಗುವುದು ಕಡಿಮೆ. ಎಂದರೆ ಅವರೂ ಪ್ರಾಣಿಯನ್ನಷ್ಟೇ ನೋಡದೆ ಅದರ ಹಿಂದಿನ ನೆಲವನ್ನು ನೋಡಿ ತೋಟಾ ಆರಿಸುತ್ತಾರೆ.

ಅದೇ ಲೆಕ್ಕವನ್ನು ನಮ್ಮ ತೋಟಕ್ಕೆ ಹಾಕಿ ನೋಡೋಣ. ಗ್ರೌಂಡ್‌ಹಾಗಿನ ತೂಕ ನಾಲ್ಕೈದು ಕಿಲೋ, ಬೆಳೆದ ಗಂಡುಹಂದಿ ನೂರು ಕಿಲೋ ತೂಗಬಲ್ಲದು. ಅದನ್ನು ಹೊಡೆಯಲೆಂದೇ ಪುಡಿಯಾಗುವ ಗುಂಡನ್ನು ಇದಕ್ಕೆ ಹೊಡೆದರೆ ಗಾಯಗೊಂಡ ಹಂದಿ ಕಾಫಿ ಗಿಡದ ನಡುವೆ ಅಡಗುತ್ತದೆ. ಮರುದಿನ ಹಣ್ಣು ಕೊಯ್ಯಲು ಹೋದ ಹೆಂಗಸರಿಗೆ ಅದು ಎದುರಾಗುತ್ತದೆ. ದೊಡ್ಡ ರೈಫಲು ಹಿಡಿದರೆ ಕಷ್ಟ ಇನ್ನೊಂದು ಬಗೆಯದು. 30-06ರ ಗುಂಡು ತಡೆಯಿಲ್ಲದಿದ್ದರೆ ಮೂರು ಮೈಲಿ ಹೋಗಬಲ್ಲದು. ಸಾಧುವೆಂದು ಕಾಣುವ ಪಾಯಿಂಟ್ 22 ಕೂಡ ಒಂದು ಮೈಲಿಗೆ ಮೀರಿ ಹೋಗುತ್ತದೆ, ಅದರ ಮಂದಗತಿಯ ಸೀಸದ ಗುಂಡು ಕಲ್ಲಿಗೋ ನೀರಿಗೋ ತಗುಲಿದರೆ ಸುಲಭವಾಗಿ ಪುಟಿಯುತ್ತದೆ. ನಮ್ಮಲ್ಲಿ ಮುನ್ನೂರು ಗಜ ಕಣ್ಣಿಗೆ ಕಾಣುವ ಜಾಗವಾದರೂ ಎಲ್ಲಿದೆ? ಗಿಡದ ಮರೆಯಲ್ಲಿ ಕಾಲುದಾರಿ, ಅದರಾಚೆ ಲೈನುಮನೆ, ಅದರಾಚೆ ಪಕ್ಕದವರ ಗದ್ದೆ. ಕಾನೂನು ಅಡ್ಡ ಬರದಿದ್ದರೂ ರೈಫಲು ನಮ್ಮ ತೋಟಕ್ಕೆ ಹೊಂದುವ ಆಯುಧವಲ್ಲ.

ಚರೆಯ ಲೆಕ್ಕ

ಇನ್ನು ನಮ್ಮ ಹನ್ನೆರಡು ಬೋರಿನ ಕೋವಿಗೆ ಬರೋಣ. ಒಂದು ಪೌಂಡು ಸೀಸದಲ್ಲಿ ಸಮನಾದ ಹನ್ನೆರಡು ಗುಂಡು ಮಾಡಿದರೆ ಒಂದರ ದಪ್ಪವೆಷ್ಟೋ ಅಷ್ಟು ನಳಿಗೆಯ ಒಳ ಅಗಲವೆಂಬುದು ಈ ಹೆಸರಿನ ಅರ್ಥ. ಬ್ರಿಟಿಷ್ ಲೆಕ್ಕದಲ್ಲಿ ಒಂದು ಔನ್ಸಿಗೆ ಬರುವ ಚರೆಗಳ ಸಂಖ್ಯೆ ಹೀಗಿದೆ:

6ನೇ ನಂಬರು: 270
4ನೇ ನಂಬರು: 170
ಬಿಬಿ: 70
ಎಸ್‌ಎಸ್‌ಜಿ: 15
ಎಸ್‌ಜಿ: 8
ಎಲ್‌ಜಿ: 6

ಚರೆ ದಪ್ಪವಾದಷ್ಟೂ ಸಂಖ್ಯೆ ಕಡಿಮೆ, ಹೋಗುವ ದೂರ ಹೆಚ್ಚು. ಚರೆಯ ವ್ಯಾಸವನ್ನು ಅಂಗುಲದಲ್ಲಿ ತೆಗೆದುಕೊಂಡು 2,200ರಿಂದ ಗುಣಿಸಿದರೆ ಅದು ಹೋಗಬಲ್ಲ ಗರಿಷ್ಠ ದೂರ ಗಜದಲ್ಲಿ ಸಿಗುತ್ತದೆಂಬುದು ಹಳೆಯ ಸೂತ್ರ. ಆ ಪ್ರಕಾರ 6ನೇ ನಂಬರು ಸುಮಾರು 225 ಗಜಕ್ಕೆ ನಿಂತರೆ ಎಸ್‌ಜಿ 700 ಗಜವನ್ನು ದಾಟುತ್ತದೆ. ಒಂಟಿ ಗುಂಡು ಸಾವಿರ ಗಜ ದಾಟಬಲ್ಲದು.

ಈಗ ಒಂದು ಸಣ್ಣ ಲೆಕ್ಕ. ಬಾಯಿ ಬಿಗಿಯಿಲ್ಲದ, ಅಂದರೆ ಚೋಕ್ ಇಲ್ಲದ ನಳಿಗೆಯಿಂದ 40 ಗಜಕ್ಕೆ ಹಾರಿಸಿದರೆ 30 ಅಂಗುಲದ ವೃತ್ತದೊಳಗೆ ಬೀಳುವುದು ನೂರಕ್ಕೆ 40 ಪಾಲು. ಪೂರ್ಣ ಚೋಕಿನಲ್ಲಿ 70 ಪಾಲು. ಎಂಟು ಎಸ್‌ಜಿ ಚರೆಗಳಲ್ಲಿ ಚೋಕ್ ಇಲ್ಲದ ನಳಿಗೆಯಿಂದ ವೃತ್ತದೊಳಗೆ ಬಿದ್ದದ್ದು ಮೂರು. ಹಂದಿಯ ಮರ್ಮಸ್ಥಾನ ಆ ವೃತ್ತದ ಒಂದು ಸಣ್ಣ ಭಾಗ. ಅಲ್ಲಿಗೆ ಒಂದು ಬಿದ್ದರೆ ಅದೃಷ್ಟ. ಉಳಿದ ಐದು ಎಲ್ಲಿ ಹೋದವು? ಧರೆಗೆ ಬಡಿಯದಿದ್ದರೆ ಅವು ಏಳುನೂರು ಗಜದವರೆಗೆ ಹುಡುಕಿಕೊಂಡು ಹೋಗುತ್ತವೆ. ರಾತ್ರಿ ಮರಸು ಕೂತವರ ಈಡಿಗೆ ಹಂದಿಯ ಬದಲು ಮನುಷ್ಯ ಬಿದ್ದ ಸುದ್ದಿಯನ್ನು ಮಲೆನಾಡಿನಲ್ಲಿ ಕೇಳದವರು ಯಾರಿದ್ದಾರೆ? ಅಲ್ಲಿ ತಪ್ಪಿದ್ದು ಗುರಿಯೊಂದೇ ಅಲ್ಲ. ಏನಕ್ಕೆ ಹೊಡೆಯುತ್ತಿದ್ದೇವೆ, ಅದರ ಹಿಂದೆ ಏನಿದೆ ಎಂಬ ಎರಡೂ ತಪ್ಪಿರುತ್ತವೆ.

ಆದ್ದರಿಂದ ನಮ್ಮ ಸಲಹೆ ಹೀಗಿದೆ. ದಿನನಿತ್ಯದ ಕಾವಲಿಗೆ 6ನೇ ನಂಬರಿಗಿಂತ ದಪ್ಪದ ತೋಟಾ ಕೋವಿಯ ಹತ್ತಿರವೂ ಬೇಡ. ಅದನ್ನೂ ಪ್ರಾಣಿಯ ಕಡೆಗಲ್ಲ, ಮುಂದಿನ ಮಣ್ಣಿನ ಧರೆಗೆ ಹಾರಿಸಿ ಸದ್ದು ಮಾಡಿ. ಅಡಿಕೆ ಮರದತ್ತ ಎಂದಿಗೂ ಬೇಡ, ಅದರ ಕಾಂಡಕ್ಕಾದ ಗಾಯ ಮಾವು ಹಲಸಿನಂತೆ ತೊಗಟೆ ಕೂಡಿ ಮಾಯುವುದಿಲ್ಲ. ಸದ್ದಿಗೆ ಹಂದಿ ಕೆಲವೇ ದಿನಗಳಲ್ಲಿ ಒಗ್ಗಿಹೋಗುತ್ತದೆಂಬುದು ನಿಜ. ಜಾಗ, ಹೊತ್ತು ಬದಲಾಯಿಸುತ್ತ ಹೋದರೆ ಅದರ ಪ್ರಯೋಜನ ಇನ್ನಷ್ಟು ದಿನ ಉಳಿಯುತ್ತದೆ.

ಲಿಖಿತ ಆದೇಶ ಕೈಸೇರಿ ಹಂದಿಯನ್ನು ಹೊಡೆಯಲೇಬೇಕಾದ ಸಂದರ್ಭದಲ್ಲಿ ಎಲ್‌ಜಿ ಅಥವಾ ಎಸ್‌ಜಿ ಸರಿ. ದೂರ 25 ಗಜದೊಳಗಿರಲಿ. ಅಟ್ಟಣೆಯ ಮೇಲಿಂದ ಕೆಳಮುಖವಾಗಿ ಹೊಡೆದರೆ ತಪ್ಪಿದ ಚರೆ ಮಣ್ಣು ಸೇರುತ್ತದೆ. ಒಂಟಿ ಗುಂಡನ್ನು ನುರಿತ ಕೈಗೆ ಮಾತ್ರ ಬಿಡಿ. ಬಿಗಿ ಚೋಕಿನ ನಳಿಗೆಯಲ್ಲಿ, ಆ ನಳಿಗೆಗೆ ಹೊಂದುತ್ತದೆಂದು ಖಚಿತವಿಲ್ಲದ ಗುಂಡನ್ನು ಹಾಕಲೇಬಾರದು. ಜೋಡುನಳಿಗೆಯಲ್ಲಿ ಸಾಮಾನ್ಯವಾಗಿ ಎಡದ ನಳಿಗೆಯ ಚೋಕ್ ಹೆಚ್ಚು ಬಿಗಿ.

ಅಜ್ಜನ ಕೋವಿ, ಹೊಸ ತೋಟಾ

ನಮ್ಮ ಸದಸ್ಯರ ಮನೆಗಳಲ್ಲಿರುವುದು ಬಹುಪಾಲು ಅಜ್ಜ, ಮುತ್ತಜ್ಜನ ಕಾಲದ ಕೋವಿಗಳು. ತೋಟಾ ಕೊಳ್ಳುವ ಮೊದಲು ಕೋವಿಯನ್ನು ನೋಡಬೇಕು. ಹಳೆಯ ಕೋವಿಗಳ ಕೋಣೆ ಎರಡೂವರೆ ಅಂಗುಲದ್ದು, ಅದಕ್ಕೆ 65 ಮಿಲಿಮೀಟರಿನ ತೋಟಾ. 70 ಮಿಲಿಮೀಟರಿನದು ಒಳಗೆ ಕೂತಂತೆ ಕಂಡರೂ ಹಾರುವಾಗ ಅದರ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ಖಡಕಿಯ ಕಾರ್ಖಾನೆಯ ಶಕ್ತಿಮಾನ್ ತೋಟಾ ಎರಡೂ ಅಳತೆಯಲ್ಲಿ ಬಂದಿದೆ, ಪೆಟ್ಟಿಗೆಯ ಮೇಲಿನ ಅಳತೆಯನ್ನು ಓದಿಯೇ ಕೊಳ್ಳಿ. ನಳಿಗೆಯ ಮೇಲೆ ಅಲೆಅಲೆಯಾದ ಗೆರೆಗಳಿದ್ದರೆ ಅದು ಡಮಾಸ್ಕಸ್ ನಳಿಗೆ, ಕರಿಮದ್ದಿನ ಕಾಲದ್ದು. ಈಗಿನ ಹೊಗೆಯಿಲ್ಲದ ಮದ್ದಿಗೆ ಅದನ್ನು ನಂಬಬೇಡಿ, ಗೋಡೆಗೆ ತೂಗುಹಾಕಿ ಗೌರವಿಸಿ. ಅದಕ್ಕೂ ಲೈಸೆನ್ಸು ಬೇಕೆಂಬುದು ನೆನಪಿರಲಿ.

ಮನೆಯಲ್ಲಿ ಇಪ್ಪತ್ತು ಬೋರಿನ ಕೋವಿಯೂ ಇದ್ದರೆ ಎರಡರ ತೋಟಾಗಳನ್ನು ಒಂದೇ ಡಬ್ಬಿಯಲ್ಲಿ ಇಡಬೇಡಿ. ಇಪ್ಪತ್ತರ ತೋಟಾ ಹನ್ನೆರಡರ ನಳಿಗೆಯೊಳಗೆ ಜಾರಿ ಮುಂದೆ ಸಿಕ್ಕಿಕೊಳ್ಳುತ್ತದೆ. ಕೋವಿ ಖಾಲಿಯೆಂದು ತಿಳಿದು ಹಿಂದಿನಿಂದ ಹನ್ನೆರಡರದನ್ನು ಹಾಕಿ ಹಾರಿಸಿದರೆ ನಳಿಗೆ ಸಿಡಿದು ಎಡಗೈ ಹೋಗುತ್ತದೆ. ಮಳೆಗಾಲದ ತೇವಕ್ಕೆ ಹೆದರಿ ಒಲೆಯ ಮೇಲಿನ ಅಟ್ಟದಲ್ಲಿ ತೋಟಾ ಇಡುವ ಪದ್ಧತಿಯನ್ನೂ ಬಿಡಬೇಕು. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ, ಕೋವಿಯಿಂದ ಬೇರೆಯಾಗಿ, ಬೀಗ ಹಾಕಿಡಿ. ಉಬ್ಬಿದ, ಹಿತ್ತಾಳೆ ಹಸಿರುಗಟ್ಟಿದ, ಅಕ್ಷರ ಅಳಿಸಿದ ತೋಟಾಗಳನ್ನು ಹಾರಿಸಿ ಮುಗಿಸುವ ಬದಲು ಲೈಸೆನ್ಸುದಾರ ವ್ಯಾಪಾರಿಗೋ ಠಾಣೆಗೋ ಒಪ್ಪಿಸಿ.

ಕೆಲವು ಅಗತ್ಯ ಸಂಗತಿಗಳು

ತೋಟಾ ಕೊಂಡಾಗಲೆಲ್ಲ ಲೈಸೆನ್ಸಿನಲ್ಲಿ ನಮೂದು ಮಾಡಿಸಿ. ನೆರೆಯವರು ಎಷ್ಟೇ ಬೇಕಾದವರಾದರೂ ತೋಟಾ ಕೈಗಡ ಕೊಡಬೇಡಿ. ರೈಟರಾಗಲಿ, ಕಾವಲಿನ ಆಳಾಗಲಿ, ಲೈಸೆನ್ಸಿನಲ್ಲಿ ಹೆಸರಿಲ್ಲದವರ ಕೈಗೆ ಕೋವಿ ಹೋಗಬಾರದು. 2019ರ ತಿದ್ದುಪಡಿಯಿಂದ ಲೈಸೆನ್ಸಿನ ಅವಧಿ ಐದು ವರ್ಷವಾಗಿದೆ. ಅವಧಿ ದೀರ್ಘವಾದಷ್ಟೂ ತಾರೀಕು ಮರೆಯುವುದು ಸುಲಭ, ಪಹಣಿಯ ಜೊತೆಗೇ ಬರೆದಿಡಿ. ಲೈಸೆನ್ಸುದಾರರು ತೀರಿಕೊಂಡಾಗ ಮಕ್ಕಳು ಕೋವಿಯನ್ನು ತಡಮಾಡದೆ ಠೇವಣಿ ಇಟ್ಟು ತಮ್ಮ ಹೆಸರಿಗೆ ಅರ್ಜಿ ಹಾಕಬೇಕು. ಚುನಾವಣೆಯ ಕಾಲದಲ್ಲಿ ಕೋವಿ ಒಪ್ಪಿಸಿದರೆ ರಸೀದಿಯನ್ನು ಜೋಪಾನ ಮಾಡಿ. ಹಿಂದಕ್ಕೆ ಪಡೆದ ಮೇಲೆ ನಳಿಗೆಯೊಳಗೆ ಬೆಳಕು ಹಾಯಿಸಿ ನೋಡದೆ ತೋಟಾ ಹಾಕಬೇಡಿ, ಕಣಜದ ಹುಳು ಮಣ್ಣುಗೂಡು ಕಟ್ಟಿರುವ ಸಂಭವ ಉಂಟು. ಬಂದೂಕು ತರಬೇತಿ ಪಡೆಯದ ಕಿರಿಯರು ಪೊಲೀಸ್ ಇಲಾಖೆ ನಾಗರಿಕರಿಗೆ ನಡೆಸುವ ಶಿಬಿರಕ್ಕೆ ಹೋಗಿ ಬರುವುದು ಒಳ್ಳೆಯದು.

ಬೆಳೆ ಹಾನಿಯಾದ ಬೆಳಗ್ಗೆಯೇ ಛಾಯಾಚಿತ್ರ ತೆಗೆದು ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡಿ. ಹಂದಿ ಕಾಟ ಮತ್ತೆ ಮತ್ತೆ ಆಗುತ್ತಿದೆಯೆಂಬುದಕ್ಕೆ ಆ ಅರ್ಜಿಗಳೇ ದಾಖಲೆ, 11ನೇ ಕಲಮಿನ ಆದೇಶ ಕೇಳುವಾಗ ಅವು ಬಹಳ ಉಪಯೋಗಕ್ಕೆ ಬರುತ್ತವೆ. ಒಬ್ಬೊಬ್ಬರೇ ಕೇಳುವುದಕ್ಕಿಂತ ಒಂದು ಊರಿನ ಸದಸ್ಯರು ಕೂಡಿ ಕೇಳಿದರೆ ಬಲ ಹೆಚ್ಚು. ಅರ್ಜಿ ಬರೆಯಲು ಸಹಾಯ ಬೇಕಾದವರು ಪಹಣಿ, ಛಾಯಾಚಿತ್ರ ಮತ್ತು ಹಿಂದಿನ ಅರ್ಜಿಗಳ ನಕಲು ತೆಗೆದುಕೊಂಡು ಕಚೇರಿಯ ವೇಳೆಯಲ್ಲಿ ಸಂಘಕ್ಕೆ ಬರಬೇಕಾಗಿ ಕೋರುತ್ತೇವೆ. ಕೋವಿಯನ್ನು ಮಾತ್ರ ಮನೆಯಲ್ಲಿಯೇ ಬಿಟ್ಟು ಬನ್ನಿ.