ಮನೆ ಮಾರುವ ಮುನ್ನ: ಸುಣ್ಣಬಣ್ಣಕ್ಕಿಂತ ಮೊದಲು ಕಾಗದಪತ್ರ

ಜೇವರ್ಗಿ ಕಾಲೋನಿಯಲ್ಲಾಗಲಿ, ಕಲಬುರಗಿಯ ಇತರ ಬಡಾವಣೆಗಳಲ್ಲಾಗಲಿ, ಮನೆ ಮಾರಲು ನಿಶ್ಚಯಿಸಿದ ವರ್ತಕರು ಮೊದಲು ಕರೆಯಿಸುವುದು ಬಣ್ಣ ಬಳಿಯುವವರನ್ನು. ಸೋರುವ ಛತ್ತಿನ ದುರಸ್ತಿ, ಶಹಾಬಾದಿ ಕಲ್ಲಿನ ನೆಲದ ಸಂದುಗಳಿಗೆ ಸಿಮೆಂಟು, ಕೋಣೆಯಲ್ಲಿ ದಾಸ್ತಾನಿರಿಸಿದ ಅಂಗಡಿ ಸರಕಿನ ತೆರವು, ಇವೆಲ್ಲವೂ ಅವಶ್ಯಕವೇ. ಆದರೆ ಕಾಗದಪತ್ರ ಸರಿಯಿಲ್ಲದಿದ್ದರೆ ಒಪ್ಪಿದ ಬೆಲೆಯೂ ಕೈಸೇರುವುದಿಲ್ಲ.

ಮಹಾನಗರ ಪಾಲಿಕೆಯ ಇ-ಖಾತೆ, ತೆರಿಗೆ ರಸೀದಿ ಹಾಗೂ ಋಣಭಾರ ಪ್ರಮಾಣಪತ್ರಗಳನ್ನು ಮೊದಲೇ ಪಡೆದಿರಬೇಕು. ಮನೆ ಪಿತ್ರಾರ್ಜಿತವಾಗಿದ್ದರೆ ಸಹೋದರಿಯರ ಸಮ್ಮತಿಯನ್ನು ಕಡೆಗಣಿಸಬಾರದು. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಹಕ್ಕಿದೆಯೆಂದು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ಸ್ಪಷ್ಟಪಡಿಸಿದೆ.

ನಮ್ಮಲ್ಲಿ ಅನೇಕರ ಮನೆಗಳು ವ್ಯಾಪಾರದ ಸಾಲಕ್ಕಾಗಿ ಬ್ಯಾಂಕಿನಲ್ಲಿ ಅಡಮಾನವಾಗಿರುತ್ತವೆ. ಗೃಹಸಾಲವೇ ಮೊದಲಾದ ವೈಯಕ್ತಿಕ ಸಾಲ ಪೂರ್ಣ ತೀರಿದ 30 ದಿನಗಳೊಳಗೆ ಮೂಲಪತ್ರಗಳನ್ನು ಮರಳಿಸಬೇಕೆಂದೂ, ಬ್ಯಾಂಕಿನಿಂದಲೇ ವಿಳಂಬವಾದರೆ ದಿನಕ್ಕೆ 5,000 ರೂ. ಪರಿಹಾರ ಕೊಡಬೇಕೆಂದೂ ರಿಸರ್ವ್ ಬ್ಯಾಂಕು 2023ರಲ್ಲಿ ಆದೇಶಿಸಿದೆ. ಈ ಆದೇಶ ವ್ಯಾಪಾರದ ಸಾಲಕ್ಕೆ ಸಂಬಂಧಿಸಿದ್ದಲ್ಲ. ಆದ್ದರಿಂದ ಅಂತಹ ಅಡಮಾನದ ಬಿಡುಗಡೆ ಯಾವಾಗ, ಯಾವ ಷರತ್ತಿನ ಮೇಲೆ ಎಂಬುದನ್ನು ಬ್ಯಾಂಕಿನಿಂದ ಲಿಖಿತವಾಗಿ ಪಡೆಯುವುದು ಲೇಸು.

ಸಂಚಕಾರ ಪಡೆಯುವಾಗಲೂ ಎಚ್ಚರ ಬೇಕು. 20,000 ರೂ. ಅಥವಾ ಅದಕ್ಕೂ ಹೆಚ್ಚಿನ ಮುಂಗಡವನ್ನು ನಗದಾಗಿ ಸ್ವೀಕರಿಸಲು ಆದಾಯ ತೆರಿಗೆ ಕಾನೂನು ಅವಕಾಶ ನೀಡುವುದಿಲ್ಲ. ಬೆಲೆ 50 ಲಕ್ಷ ರೂ. ಮುಟ್ಟಿದರೆ ಖರೀದಿದಾರರು ಶೇ. 1ರಷ್ಟು ತೆರಿಗೆ ಕಡಿತಗೊಳಿಸುತ್ತಾರೆ. 23 ಜುಲೈ 2024ಕ್ಕೆ ಮೊದಲು ಕೊಂಡ ಮನೆಗೆ ಬಂಡವಾಳ ಲಾಭದ ತೆರಿಗೆಯನ್ನು ಎರಡು ವಿಧಾನಗಳಲ್ಲಿ ಲೆಕ್ಕಹಾಕಿ, ಕಡಿಮೆಯಾದುದನ್ನು ತೆರಬಹುದು. ಆ ಲೆಕ್ಕವನ್ನು ಸನ್ನದು ಲೆಕ್ಕಪರಿಶೋಧಕರಿಂದ ಮಾಡಿಸಿಕೊಂಡ ನಂತರವೇ ಬೆಲೆ ನಿಗದಿಪಡಿಸುವುದು ವರ್ತಕ ಬಂಧುಗಳಿಗೆ ಹಿತಕರ.