ತಯಾರಾದ ಹುಡುಗರು ಬೇಕಾಗಿದ್ದಾರೆ

ಕಾಲೇಜು ತಂಡಗಳಿಗೆ ಆಟಗಾರರನ್ನು ಹುಡುಕುವ ಕಾಲ ಬಂತೆಂದರೆ ಕಪ್ ಗೆದ್ದ ಕೋಚ್‌ಗಳ ಹೆಸರು ಊರೂರಲ್ಲಿ ಓಡಾಡುತ್ತದೆ. ಆ ಹೆಸರಿನಲ್ಲಿ ಬೆಳೆಸಿದ್ದೆಷ್ಟು, ಆರಿಸಿಕೊಂಡಿದ್ದೆಷ್ಟು?

ಪಿಯುಸಿ ಫಲಿತಾಂಶ ಬಂದ ಮೇಲೆ ಬ್ಯಾಸ್ಕೆಟ್‌ಬಾಲ್ ಆಡುವ ಹುಡುಗರ ಮನೆಗೆ ಬರುವ ಫೋನುಗಳಲ್ಲಿ ಮೊದಲ ಪ್ರಶ್ನೆ ಮಾರ್ಕ್ಸಿನ ಬಗ್ಗೆ ಇರುವುದಿಲ್ಲ. “ಹೈಟ್ ಎಷ್ಟು?” ಎಂದೇ ಮಾತು ಶುರು. ಆರಡಿ ಮೂರಂಗುಲ ಅಂದರೆ ಆ ಕಡೆಯ ದನಿಯೇ ಬದಲಾಗುತ್ತದೆ. ಸೀಟು ಫ್ರೀ, ಹಾಸ್ಟೆಲ್ ಫ್ರೀ, ಶೂ, ಕಿಟ್ಟು ಎಲ್ಲ ಕಾಲೇಜಿನದೇ ಎಂದು ಭರವಸೆಗಳು ಸಾಲಾಗಿ ಬರುತ್ತವೆ. ಐದಡಿ ಎಂಟಂಗುಲ ಅಂದರೆ “ಆಮೇಲೆ ತಿಳಿಸ್ತೀವಿ.” ಆ ಆಮೇಲೆ ಸಾಮಾನ್ಯವಾಗಿ ಬರುವುದಿಲ್ಲ.

ಆ ಫೋನಿನವರೆಗಿನ ದಾರಿ ಶುರುವಾಗುವುದು ಹೋಬಳಿಯಲ್ಲಿ. ಮಾಸ್ತಿ ಎಂದರೆ ನಾಡಿಗೆಲ್ಲ ಸಣ್ಣಕತೆಯ ನೆನಪು. ಮಾಲೂರು ತಾಲ್ಲೂಕಿನ ಮಕ್ಕಳಿಗೆ ಅದೊಂದು ಹೋಬಳಿ, ಅಂದರೆ ಕ್ರೀಡಾಕೂಟದ ಮೊದಲ ಮೆಟ್ಟಿಲು. ಹೋಬಳಿಯಲ್ಲಿ ಗೆದ್ದರೆ ತಾಲ್ಲೂಕು, ಆಮೇಲೆ ಜಿಲ್ಲೆ, ವಿಭಾಗ, ರಾಜ್ಯ. ಈ ಏಣಿಯ ಕೆಳಗಿನ ಮೆಟ್ಟಿಲುಗಳಲ್ಲಿ ಕಬಡ್ಡಿ, ಖೋ ಖೋ, ವಾಲಿಬಾಲ್‌ಗಳದ್ದೇ ದರ್ಬಾರು. ಕಬಡ್ಡಿಗೆ ಮಣ್ಣಿನ ಮೇಲೆ ಗೆರೆ ಎಳೆದರೆ ಸಾಕು. ಬ್ಯಾಸ್ಕೆಟ್‌ಬಾಲ್‌ಗೆ 28 ಮೀಟರ್ ಉದ್ದ, 15 ಮೀಟರ್ ಅಗಲದ ಗಟ್ಟಿ ನೆಲ ಬೇಕು, ಹತ್ತಡಿ ಎತ್ತರದಲ್ಲಿ ಅಲುಗಾಡದ ರಿಂಗು ಬೇಕು. ಹೀಗಾಗಿ ಉದ್ದ ಕೈಕಾಲಿನ ಹಳ್ಳಿ ಹುಡುಗ ಮೊದಲು ವಾಲಿಬಾಲ್ ಕೈಗೆ ಸಿಗುತ್ತಾನೆ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ನಿಲಯದ ಆಯ್ಕೆಯಲ್ಲಿ ಯಾರಾದರೂ ಅವನ ಎತ್ತರ, ಓಟ, ನಿಂತಲ್ಲಿಂದ ನೆಗೆಯುವ ಜಿಗಿತ ಅಳೆದು ಆರಿಸಿದರೆ ಬೆಂಗಳೂರಿನ ವಿದ್ಯಾನಗರ ಕ್ರೀಡಾ ಶಾಲೆಯಂಥ ಕಡೆಗೆ ಹೋಗಬಹುದು. ಅಲ್ಲಿಂದ ಮುಂದೆ ಕಾಲೇಜು, ವಿಶ್ವವಿದ್ಯಾಲಯದ ತಂಡ, ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿ. ಅದೃಷ್ಟವಿದ್ದರೆ ರೈಲ್ವೆಯಲ್ಲೋ ಬ್ಯಾಂಕಿನಲ್ಲೋ ಒಂದು ಕೆಲಸ.

ಆ ಕೊನೆಯ ಮೆಟ್ಟಿಲೂ ಈಗ ಅಗಲವಾಗಿ ಉಳಿದಿಲ್ಲ. ಬೆಂಗಳೂರಿನ ಅಂಕಣಗಳಲ್ಲಿ ವರ್ಷಗಟ್ಟಲೆ ಕಂಡ ವಿಜಯಾ ಬ್ಯಾಂಕ್ ಜೆರ್ಸಿ, 2019ರ ಏಪ್ರಿಲ್‌ನಲ್ಲಿ ಬ್ಯಾಂಕೇ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾದಾಗ ಹೆಸರು ಬದಲಿಸಿಕೊಂಡಿತು. ಹಾಗಾಗಿ ಕಾಲೇಜಿನ ಆ ಮೂರು ವರ್ಷದ ತೂಕ ಹೆಚ್ಚಾಗಿದೆ. ಯಾವ ಕೋಚ್ ಕೈಗೆ ಹುಡುಗ ಹೋಗುತ್ತಾನೆ ಎಂಬುದರ ತೂಕವೂ ಅಷ್ಟೇ.

ಹಾಗಾದರೆ ಒಳ್ಳೆಯ ಕೋಚ್ ಯಾರು? ಕಪ್ ಲೆಕ್ಕ ಹಾಕಿ ಹೇಳುವುದು ಸುಲಭ. ನನ್ನ ತಕರಾರು ಇರುವುದೇ ಅಲ್ಲಿ. ಕೋಲಾರದ ಎಪಿಎಂಸಿಗೆ ಟೊಮೆಟೊ ಬಾಕ್ಸು ಬಂದಾಗ ಕಾಯಿ ಒಂದೇ ಸೈಜಿಗಿದೆಯೇ ಎಂದು ನೋಡುತ್ತಾರೆಯೇ ಹೊರತು ಯಾರ ತೋಟದ್ದೆಂದು ಕೇಳುವವರು ಕಡಿಮೆ. ಬೇರೊಬ್ಬರು ಆರು ವರ್ಷ ತಿದ್ದಿದ ಹನ್ನೆರಡು ಮಂದಿಯನ್ನು ಜೂನ್‌ನಲ್ಲಿ ಸೇರಿಸಿಕೊಂಡು ಡಿಸೆಂಬರ್‌ನಲ್ಲಿ ಕಪ್ ಎತ್ತಿದವನು ಒಳ್ಳೆಯ ಸಂಘಟಕ ಇರಬಹುದು, ಕಣ್ಣು ಚುರುಕಾದವನೂ ಹೌದು. ಆದರೆ ಅವನು ಬೆಳೆಸಿದ ಎಂದು ಹೇಳಲು ಅಷ್ಟು ಸಾಲದು.

ಬೆಳೆಸುವುದು ಎಂದರೇನು ಎಂಬುದಕ್ಕೆ ಬ್ಯಾಸ್ಕೆಟ್‌ಬಾಲ್ ಚರಿತ್ರೆಯಲ್ಲೇ ಅಚ್ಚುಕಟ್ಟಾದ ಸಾಕ್ಷಿಯಿದೆ. 1942ರಲ್ಲಿ ಶಿಕಾಗೋದ ಡಿಪಾಲ್ ವಿಶ್ವವಿದ್ಯಾಲಯಕ್ಕೆ ರೇ ಮೇಯರ್ ಎಂಬ ಯುವ ಕೋಚ್ ಬಂದರು. ಅವರ ಕೈಗೆ ಸಿಕ್ಕ ಜಾರ್ಜ್ ಮೈಕನ್ ಆರಡಿ ಹತ್ತಂಗುಲದ ಹುಡುಗ, ದಪ್ಪ ಕನ್ನಡಕ, ಕಾಲಿಗೆ ಕಾಲು ತೊಡರುವ ನಡಿಗೆ. ಹೆಸರಾಂತ ನಾಟರ್ ಡೇಮ್ ವಿಶ್ವವಿದ್ಯಾಲಯ ಅವನನ್ನು ಟ್ರಯಲ್‌ನಲ್ಲಿ ನೋಡಿ ವಾಪಸು ಕಳಿಸಿತ್ತು. ಅಷ್ಟೆತ್ತರದವನು ಈ ಆಟಕ್ಕೆ ಆಗಿಬರುವುದಿಲ್ಲ ಎಂದೇ ಆ ಕಾಲದ ಎಷ್ಟೋ ಕೋಚ್‌ಗಳ ಎಣಿಕೆ. ಮೇಯರ್ ಅವನಿಗೆ ಸ್ಕಿಪ್ಪಿಂಗ್ ಹಗ್ಗ ಕೊಟ್ಟರು, ಬಾಕ್ಸಿಂಗ್ ಮಾಡಿಸಿದರು, ಕಾಲು ಹಗುರಾಗಲೆಂದು ಡ್ಯಾನ್ಸ್ ಕ್ಲಾಸಿಗೂ ಕಳಿಸಿದರು. ಬಲಗೈಯಷ್ಟೇ ಎಡಗೈಯಲ್ಲೂ ದಿನಕ್ಕೆ ನೂರಾರು ಶಾಟ್ ಹಾಕಿಸಿದರು. 1945ರಲ್ಲಿ ಡಿಪಾಲ್ ರಾಷ್ಟ್ರೀಯ ಆಹ್ವಾನಿತ ಟೂರ್ನಿ ಗೆದ್ದಿತು. ಮೈಕನ್ ಮುಂದೆ ಮಿನಿಯಾಪೊಲಿಸ್ ಲೇಕರ್ಸ್ ತಂಡದ ಆಧಾರಸ್ತಂಭವಾದ.

ಎರಡೂ ಕೈಯಿಂದ ಶಾಟ್ ಹಾಕುವ ಆ ಅಭ್ಯಾಸಕ್ಕೆ ಇವತ್ತಿಗೂ ‘ಮೈಕನ್ ಡ್ರಿಲ್’ ಎಂದೇ ಹೆಸರು. ರಿಂಗಿನ ಕೆಳಗೇ ನಿಲ್ಲಬೇಕು. ಎಡಗಾಲು ಇಟ್ಟು ಬಲಗೈಯಿಂದ ಬೋರ್ಡಿಗೆ ತಾಕಿಸಿ ಚೆಂಡು ಹಾಕಬೇಕು. ನೆಟ್ಟಿನಿಂದ ಇಳಿಯುವ ಚೆಂಡು ನೆಲ ಮುಟ್ಟುವ ಮೊದಲೇ ಹಿಡಿದು, ಭುಜದಿಂದ ಕೆಳಗೆ ಇಳಿಸದೆ, ಬಲಗಾಲು ಇಟ್ಟು ಆ ಕಡೆಯಿಂದ ಎಡಗೈಯಲ್ಲಿ ಹಾಕಬೇಕು. ಮತ್ತೆ ಬಲ, ಮತ್ತೆ ಎಡ. ನೋಡಲು ಮಕ್ಕಳಾಟ. ಅರ್ಧ ನಿಮಿಷ ಕಳೆದರೆ ತೋಳು ಸೋತು ಚೆಂಡು ಎದೆಮಟ್ಟಕ್ಕೆ ಇಳಿಯುತ್ತದೆ, ಎಡಗೈ ಸರದಿ ಬಂದಾಗ ಹೆಜ್ಜೆ ತಪ್ಪುತ್ತದೆ. ಎತ್ತರದ ಹುಡುಗನ ಎತ್ತರ ಉಪಯೋಗಕ್ಕೆ ಬರುತ್ತದೋ ಇಲ್ಲವೋ ಎಂಬುದು ಆ ಅರ್ಧ ನಿಮಿಷದಲ್ಲೇ ಗೊತ್ತಾಗುತ್ತದೆ. ಹತ್ತಿರ ನಿಂತು “ಕೈ ಮೇಲೆ, ಕೈ ಮೇಲೆ” ಎಂದು ತಿದ್ದುವ ಕೋಚ್ ಇದ್ದಾನೋ, ಇಲ್ಲ ಮೊಬೈಲ್ ನೋಡುತ್ತ ಕುರ್ಚಿಯಲ್ಲಿದ್ದಾನೋ ಎಂಬುದೂ ಗೊತ್ತಾಗುತ್ತದೆ.

ನಮ್ಮ ದೇಶದಲ್ಲಿ ಹೀಗೆ ಬೆಳೆಸಿ ಹೆಸರು ಗಳಿಸಿದವರಲ್ಲಿ ಲುಧಿಯಾನಾ ಬ್ಯಾಸ್ಕೆಟ್‌ಬಾಲ್ ಅಕಾಡೆಮಿಯ ಡಾ. ಎಸ್. ಸುಬ್ರಮಣಿಯನ್ ಒಬ್ಬರು. ಪಂಜಾಬಿನ ಹಳ್ಳಿ ಹುಡುಗರು ಅವರ ಕೈಯಲ್ಲಿ ಪಳಗಿ ಭಾರತ ತಂಡಕ್ಕೆ ಬಂದರು. ಬರ್ನಾಲಾ ಜಿಲ್ಲೆಯ ಬಲ್ಲೋ ಕೆ ಗ್ರಾಮದ ಸತ್ನಾಮ್ ಸಿಂಗ್ 2015ರಲ್ಲಿ ಡಲ್ಲಾಸ್ ಮಾವೆರಿಕ್ಸ್‌ಗೆ 52ನೆಯವನಾಗಿ ಆಯ್ಕೆಯಾದಾಗ, ಎನ್‌ಬಿಎ ಡ್ರಾಫ್ಟ್‌ನಲ್ಲಿ ಭಾರತದಲ್ಲಿ ಹುಟ್ಟಿದವನೊಬ್ಬನ ಹೆಸರು ಮೊದಲ ಬಾರಿಗೆ ಕೇಳಿಸಿತು. ಅದನ್ನು ಕೇಳಲು ಸುಬ್ರಮಣಿಯನ್ ಮೇಷ್ಟ್ರೇ ಇರಲಿಲ್ಲ. ಎರಡು ವರ್ಷದ ಹಿಂದೆಯೇ ತೀರಿಕೊಂಡಿದ್ದರು.

ಕರ್ನಾಟಕದಲ್ಲಿ ಕಾಲೇಜು ನೇಮಕಾತಿಯ ಮಾತು ಬಂದರೆ ಮೂಡುಬಿದಿರೆ ಬಿಟ್ಟು ಮಾತಾಡಲಾಗದು. ಡಾ. ಎಂ. ಮೋಹನ ಆಳ್ವರ ಸಂಸ್ಥೆಯ ಕ್ರೀಡಾ ದತ್ತು ಯೋಜನೆಯಲ್ಲಿ ಬೇರೆ ಬೇರೆ ರಾಜ್ಯಗಳ ಮಕ್ಕಳಿಗೆ ಓದು, ಊಟ, ವಸತಿ, ತರಬೇತಿ ಉಚಿತ. ಅಲ್ಲಿ ಓದಿದ ತಮಿಳುನಾಡಿನ ಧರುಣ್ ಅಯ್ಯಸಾಮಿ 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನ 400 ಮೀಟರ್ ಹರ್ಡಲ್ಸ್‌ನಲ್ಲಿ 48.96 ಸೆಕೆಂಡಿಗೆ ಬೆಳ್ಳಿ ಗೆದ್ದರು. ಆ ಬೆಳ್ಳಿಯ ಪಾಲು ಯಾರಿಗೆ ಎಷ್ಟು? ತಿರುಪ್ಪೂರು ಸೀಮೆಯ ಶಾಲಾ ಮೈದಾನಕ್ಕೆ, ಮೂಡುಬಿದಿರೆಯ ಹಾಸ್ಟೆಲಿಗೆ, ರಾಷ್ಟ್ರೀಯ ಶಿಬಿರದ ತರಬೇತುದಾರರಿಗೆ? ಮೂರಕ್ಕೂ ಇದೆ. ಅನ್ನ ಹಾಕಿ, ಟ್ರ್ಯಾಕ್ ಕೊಟ್ಟು, ಫೀಸಿನ ಚಿಂತೆ ತಪ್ಪಿಸಿದ್ದೂ ಬೆಳೆಸುವುದರ ಭಾಗವೇ. ಬಡವರ ಮನೆಯ ಮಕ್ಕಳಿಗೆ ಅದೇ ದೊಡ್ಡ ಭಾಗ ಎಂದರೂ ತಪ್ಪಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಂತೂ ಹಾಸ್ಟೆಲಿನ ಹೆಸರು ಕೋಚ್‌ನ ಹೆಸರಿಗಿಂತ ಮುಂದೆ ನಡೆಯುತ್ತದೆ. ಕೇರಳದ ಚಂಗನಾಶೇರಿಯ ಅಸಂಪ್ಷನ್ ಕಾಲೇಜು ಗೀತು ಅನ್ನಾ ಜೋಸ್ ಅವರಂಥ ಬ್ಯಾಸ್ಕೆಟ್‌ಬಾಲ್ ಆಟಗಾರ್ತಿಯನ್ನು ಕೊಟ್ಟದ್ದು ಮನೆಯವರು ಹಾಸ್ಟೆಲಿನ ಮೇಲೆ ಇಡುವ ಇಂಥ ನಂಬಿಕೆಯಿಂದಲೇ. ಬೆಂಗಳೂರಿನ ಸಂಜನಾ ರಮೇಶ್ ಇನ್ನೂ ದೂರ ಹೋದರು. ಎನ್‌ಬಿಎ ಅಕಾಡೆಮಿಯ ಮಹಿಳಾ ಶಿಬಿರಗಳಲ್ಲಿ ಕಣ್ಣಿಗೆ ಬಿದ್ದು ಅಮೆರಿಕದ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದ ತಂಡ ಸೇರಿದರು. ಅಲ್ಲಿನ ಕೋಚ್‌ಗಳಿಗೂ ಎತ್ತರ ಬೇಕು, ಜೊತೆಗೆ ಅಂಕಪಟ್ಟಿಯೂ ಬೇಕು. ನಮ್ಮಲ್ಲಿ ಆ ಎರಡನೆಯದನ್ನು ಕೇಳುವ ಅಭ್ಯಾಸ ಇನ್ನೂ ಬೇರೂರಿಲ್ಲ.

ಕೋಲಾರಕ್ಕೆ ಈ ನೇಮಕಾತಿ ಹೊಸದೇನಲ್ಲ. ಕೋಲಾರದಲ್ಲಿ ಹುಟ್ಟಿದ ಓಟಗಾರ ಕೆನೆತ್ ಪೊವೆಲ್ ಹತ್ತೊಂಬತ್ತರ ಹರೆಯದಲ್ಲಿ ಬೆಂಗಳೂರಿನ ಐಟಿಐ ದೂರವಾಣಿ ಕಾರ್ಖಾನೆಗೆ ಸೇರಿದರು. 1964ರಲ್ಲಿ ಟೋಕಿಯೊ ಒಲಿಂಪಿಕ್ಸ್, 1965ರಲ್ಲಿ ಅರ್ಜುನ ಪ್ರಶಸ್ತಿ, 1970ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನ ರಿಲೇಯಲ್ಲಿ ಕಂಚು. ಅಂದು ಕಾರ್ಖಾನೆಗಳು ಮಾಡುತ್ತಿದ್ದ ಕೆಲಸವನ್ನು ಇಂದು ಖಾಸಗಿ ಕಾಲೇಜುಗಳು ಮಾಡುತ್ತಿವೆ. ವ್ಯತ್ಯಾಸ ಒಂದೇ: ಕಾರ್ಖಾನೆ ಸಂಬಳ ಕೊಡುತ್ತಿತ್ತು, ನಿವೃತ್ತಿಯವರೆಗೆ. ಕಾಲೇಜಿನ ಋಣ ಮೂರೇ ವರ್ಷ.

ಆ ಮೂರು ವರ್ಷ ಏನಾಗುತ್ತದೆ ಎಂದು ಮೊದಲೇ ತಿಳಿಯುವ ದಾರಿ ಇಲ್ಲವೆ? ಇದೆ, ಕಷ್ಟದ್ದೂ ಅಲ್ಲ. ತಂಡದಲ್ಲಿ ಹನ್ನೆರಡು ಮಂದಿ, ಅಂಕಣದಲ್ಲಿ ಐವರು. ಆ ಐವರನ್ನು ಬಿಟ್ಟು ಬೆಂಚಿನ ತುದಿಯಲ್ಲಿ ಕೂತವನನ್ನು ನೋಡಿ. ಮೊದಲ ವರ್ಷ ಬೆಂಚಿನಲ್ಲಿದ್ದವನು ಮೂರನೇ ವರ್ಷ ಆಡುತ್ತಿದ್ದರೆ ಆ ಕೋಚ್‌ಗೆ ಕೆಲಸ ಗೊತ್ತು. ಅವನ ಜಾಗಕ್ಕೆ ಪ್ರತಿವರ್ಷ ಹೊರಗಿನಿಂದ ಹೊಸಬ ಬರುತ್ತಿದ್ದರೆ ಆ ಕೋಚ್‌ಗೆ ಫೋನ್ ಮಾಡುವುದು ಮಾತ್ರ ಗೊತ್ತು. ಇನ್ನೊಂದನ್ನು ಬಾಯಿಬಿಟ್ಟೇ ಕೇಳಬೇಕು: “ಸಾರ್, ನಮ್ಮ ಹುಡುಗನ ಮಂಡಿಗೆ ಪೆಟ್ಟಾಗಿ ಒಂದು ವರ್ಷ ಆಡೋಕಾಗ್ಲಿಲ್ಲ ಅಂದ್ರೆ ಸೀಟು, ಹಾಸ್ಟೆಲ್ಲು ಉಳಿಯುತ್ತಾ?” ಉತ್ತರವನ್ನು ಕಾಗದದ ಮೇಲೆ ತೆಗೆದುಕೊಳ್ಳಬೇಕು. ಇದನ್ನು ಕೇಳಲು ತಂದೆತಾಯಿ ಹಿಂಜರಿಯುತ್ತಾರೆ, ಫ್ರೀ ಸೀಟು ಕೊಡುವವರ ಮುಂದೆ ಎದುರು ಮಾತಾಡಿದಂತಾಗುತ್ತದೆ ಎಂದು. ಕಾಲೇಜಿಗೂ ಹುಡುಗನ ಅಗತ್ಯ ಇದೆ ಎಂಬುದು ಆ ಹೊತ್ತಿನಲ್ಲಿ ಮರೆತುಹೋಗುತ್ತದೆ.

ಕಪ್ ಹಿಡಿದ ಫೋಟೊದಲ್ಲಿ ಪ್ರಿನ್ಸಿಪಾಲರು ಇರುತ್ತಾರೆ, ಆಡಳಿತ ಮಂಡಳಿಯವರು ಇರುತ್ತಾರೆ, ಕೋಚ್ ಇರುತ್ತಾರೆ. ಎಂಟನೇ ಕ್ಲಾಸಿನಲ್ಲಿ ಹುಡುಗನ ಕೈಗೆ ಮೊದಲು ಚೆಂಡು ಕೊಟ್ಟ ಸರ್ಕಾರಿ ಶಾಲೆಯ ಪಿಟಿ ಮೇಷ್ಟ್ರು ಇರುವುದಿಲ್ಲ. ಕಾಲೇಜುಗಳು ಆಟಗಾರರ ಪಟ್ಟಿ ಅಚ್ಚು ಹಾಕುವಾಗ ಹೆಸರಿನ ಪಕ್ಕದಲ್ಲಿ ಎತ್ತರ ಹಾಕುತ್ತವಲ್ಲ, ಅದರ ಮುಂದೆ ಕಲಿತ ಶಾಲೆ, ಮೊದಲು ಕಲಿಸಿದವರು ಎಂದು ಇನ್ನೆರಡು ಕಾಲಂ ಸೇರಿಸಿದರೆ ಖರ್ಚೇನೂ ಆಗದು.

ಟ್ರಯಲ್ಸ್‌ಗೆ ಕರೆ ಬಂದರೆ ಅದೇ ದಿನ ಹೋಗಿ ಸಹಿ ಹಾಕಬೇಕಿಲ್ಲ. ಮೊದಲು ಒಂದು ಸಂಜೆ ಸುಮ್ಮನೆ ಹೋಗಿ ಅಂಕಣದ ಪಕ್ಕ ಕೂತು ಅಭ್ಯಾಸ ನೋಡಿ. ಮಾಸ್ತಿಯವರಾದರೆ ಮಾಲೂರಿಗೆ ಬಂದು ರೈಲು ಹಿಡಿದು, ಬೆಂಗಳೂರಿನ ಕಾಲೇಜು ನೋಡಿಕೊಂಡು ರಾತ್ರಿ ಮನೆ ಸೇರಬಹುದು.