ಗೋಲಿನ ಮುಂದೆ ನಿಲ್ಲುವವನ ವೃತ್ತಿ

ಬೆಂಗಳೂರಿನ ಪಶ್ಚಿಮದ ಅಂಚಿನಲ್ಲಿ, ಮೈಸೂರು ರಸ್ತೆಯಿಂದ ಒಳಕ್ಕೆ ತಿರುಗಿದರೆ ಜ್ಞಾನಭಾರತಿ. ಅಲ್ಲಿಯೇ ಭಾರತೀಯ ಕ್ರೀಡಾ ಪ್ರಾಧಿಕಾರದ ದಕ್ಷಿಣ ಕೇಂದ್ರವಿದೆ. ದೇಶದ ಹಾಕಿ ತಂಡಗಳು ವರ್ಷದ ಬಹುಪಾಲು ತಿಂಗಳು ತರಬೇತಿ ಪಡೆಯುವುದು ಇಲ್ಲಿ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ಪುರುಷರ ಮತ್ತು ಮಹಿಳೆಯರ ಎರಡೂ ತಂಡಗಳು ಈ ಆವರಣದೊಳಗೇ ಸಿಲುಕಿ ತಿಂಗಳುಗಟ್ಟಲೆ ಉಳಿದಿದ್ದವು. ಮರುವರ್ಷ ಟೋಕಿಯೋದಲ್ಲಿ ಪುರುಷರ ತಂಡ ಕಂಚಿನ ಪದಕ ಗೆದ್ದಿತು. 1980ರ ಮಾಸ್ಕೋ ಚಿನ್ನದ ನಂತರ, 41 ವರ್ಷ ಕಾದು ಪಡೆದ ಪದಕ ಅದು. 2024ರಲ್ಲಿ ಪ್ಯಾರಿಸ್‌ನಲ್ಲಿ ಮತ್ತೊಂದು ಕಂಚು ಬಂತು.

ನಮ್ಮ ಊರಿನ ಅಂಚಿನಲ್ಲೇ ಬೆವರು ಸುರಿಸಿದ ಈ ಎರಡೂ ತಂಡಗಳಲ್ಲಿ ಕರ್ನಾಟಕದ ಒಬ್ಬ ಆಟಗಾರನೂ ಇರಲಿಲ್ಲ ಎಂಬುದನ್ನು ಎಷ್ಟು ಜನ ಗಮನಿಸಿದರು? ಅದಕ್ಕೂ ಮೊದಲು, 2016ರ ರಿಯೋ ಒಲಿಂಪಿಕ್ಸ್‌ಗೆ ಹೋದ 16 ಮಂದಿಯಲ್ಲಿ ನಾಲ್ವರು ಕೊಡಗಿನವರೇ ಆಗಿದ್ದರು: ವಿ.ಆರ್. ರಘುನಾಥ್, ಎಸ್.ವಿ. ಸುನಿಲ್, ಎಸ್.ಕೆ. ಉತ್ತಪ್ಪ, ನಿಕಿನ್ ತಿಮ್ಮಯ್ಯ. ನಾಲ್ಕು ಸೊನ್ನೆಯಾಗಲು ಐದೇ ವರ್ಷ ಸಾಕಾಯಿತು.

ಈ ನಾಲ್ವರಲ್ಲಿ ರಘುನಾಥ್ ಅವರದು ರಕ್ಷಣಾ ಆಟಗಾರನ ಸ್ಥಾನ. ಹಳೆಯ ಮಾತಿನಲ್ಲಿ ಫುಲ್‌ಬ್ಯಾಕ್. ಗೋಲು ಹೊಡೆದವನ ಹೆಸರು ಮರುದಿನದ ಪತ್ರಿಕೆಯಲ್ಲಿ ಬರುತ್ತದೆ. ಗೋಲು ಆಗದಂತೆ ತಡೆದವನ ಹೆಸರು ಸಾಮಾನ್ಯವಾಗಿ ಬರುವುದಿಲ್ಲ. ಆದ್ದರಿಂದಲೇ ಮೈದಾನಕ್ಕೆ ಇಳಿಯುವ ಹುಡುಗರೆಲ್ಲ ಮುಂದಿನ ಸಾಲಿನಲ್ಲಿ ಆಡಬೇಕೆನ್ನುತ್ತಾರೆ. ಹಿಂದೆ ನಿಲ್ಲುವವನ ಕೆಲಸ ಏನು, ಅದರಲ್ಲಿ ಬದುಕು ಇದೆಯೇ ಎಂಬುದನ್ನು ತಿಳಿದುಕೊಳ್ಳುವುದು ಹುಡುಗರಿಗೂ ಅವರ ತಂದೆ ತಾಯಿಯರಿಗೂ ಒಳ್ಳೆಯದು.

ಕೆನಡಾದಲ್ಲಿ ನೆಂಟರಿರುವ ವೈಟ್‌ಫೀಲ್ಡ್‌ನ ಮಕ್ಕಳಿಗೆ ಐಸ್ ಹಾಕಿಯ ಹೆಸರು ಹೊಸದಲ್ಲ. ನಮ್ಮ ದೇಶದಲ್ಲಿ ಅದು ಬೇರು ಬಿಟ್ಟಿರುವುದು ಲಡಾಖ್‌ನಲ್ಲಿ, ಚಳಿಗಾಲಕ್ಕೆ ಹೆಪ್ಪುಗಟ್ಟುವ ಕೊಳಗಳ ಮೇಲೆ. ಆಟ ಬೇರೆಯಾದರೂ ರಕ್ಷಕನ ವೃತ್ತಿ ಎರಡರಲ್ಲೂ ಹತ್ತಿರ ಹತ್ತಿರ ಒಂದೇ. ಅಲ್ಲಿಯೂ ಅವನು ಎದುರಾಳಿಯ ಹೊಡೆತಕ್ಕೆ ಮೈಯೊಡ್ಡಬೇಕು. ಅಲ್ಲಿಯೂ ದೂರದಿಂದ ಬಲವಾಗಿ ಹೊಡೆಯಬಲ್ಲ ರಕ್ಷಕನಿಗೆ ಹೆಚ್ಚಿನ ಬೆಲೆ. ಉತ್ತರ ಅಮೆರಿಕದ ವೃತ್ತಿಪರ ಲೀಗ್‌ನಲ್ಲಿ ಆಡಿದ ಆರಡಿ ಒಂಬತ್ತಂಗುಲದ ರಕ್ಷಕ ಝ್ಡೆನೊ ಚಾರಾ 2012ರಲ್ಲಿ ಹೊಡೆತದ ಸ್ಪರ್ಧೆಯೊಂದರಲ್ಲಿ ಗಂಟೆಗೆ 175 ಕಿಲೋಮೀಟರು ವೇಗ ದಾಖಲಿಸಿದ. ಅವನು ಹೊಡೆದ ಪಕ್ ಎಂಬ ರಬ್ಬರಿನ ಬಿಲ್ಲೆಯ ತೂಕ 156ರಿಂದ 170 ಗ್ರಾಂ. ನಮ್ಮ ಹಾಕಿ ಚೆಂಡಿನದು 156ರಿಂದ 163 ಗ್ರಾಂ. ಕ್ರಿಕೆಟ್ ಚೆಂಡಿನದೂ ಹೆಚ್ಚುಕಡಿಮೆ ಅಷ್ಟೇ. ಮೂರು ಆಟಗಳು ಮೂರು ಕಡೆ ಬೆಳೆದು ತೂಕದಲ್ಲಿ ಒಂದೇ ಕಡೆ ಬಂದು ನಿಂತಿರುವುದು ಒಂದು ಸೋಜಿಗ.

ಈಗ ಪೆನಾಲ್ಟಿ ಕಾರ್ನರ್ ಎಂಬ ಗಳಿಗೆಗೆ ಬರೋಣ. ಆಧುನಿಕ ಹಾಕಿಯಲ್ಲಿ ರಕ್ಷಕನ ಭಾಗ್ಯ ನಿರ್ಧಾರವಾಗುವುದು ಇಲ್ಲಿಯೇ. ಗೋಲುಕಂಬದಿಂದ ಸುಮಾರು 10 ಮೀಟರು ಆಚೆ, ಹಿಂಗೆರೆಯ ಮೇಲಿಂದ ಒಬ್ಬ ಚೆಂಡನ್ನು ತಳ್ಳುತ್ತಾನೆ. ಅದು 14.63 ಮೀಟರಿನ ವೃತ್ತವನ್ನು ದಾಟಿ ಹೊರಗೆ ಹೋಗಬೇಕು. ಅಲ್ಲಿ ಒಬ್ಬ ಅದನ್ನು ನಿಲ್ಲಿಸುತ್ತಾನೆ. ಇನ್ನೊಬ್ಬ ಅದನ್ನು ವೃತ್ತದೊಳಕ್ಕೆ ಎಳೆದು ಗೋಲಿನತ್ತ ಚಿಮ್ಮಿಸುತ್ತಾನೆ. ಗೋಲನ್ನು ಕಾಯಲು ಇರುವುದು ಗೋಲುಗಾರನೂ ಸೇರಿ ಐದು ಮಂದಿ ಮಾತ್ರ. ಉಳಿದವರು ಮೈದಾನದ ನಡುಗೆರೆಯ ಆಚೆ ನಿಂತಿರಬೇಕು.

ಈ ಎಳೆದು ಚಿಮ್ಮಿಸುವುದಕ್ಕೆ ಡ್ರ್ಯಾಗ್ ಫ್ಲಿಕ್ ಎಂದು ಹೆಸರು. ಸುಮ್ಮನೆ ಬೀಸಿ ಹೊಡೆದರೆ ಆಗದೇ? ಆಗುತ್ತದೆ; ಆದರೆ ಪೆನಾಲ್ಟಿ ಕಾರ್ನರ್‌ನ ಮೊದಲ ಹೊಡೆತ ಬೀಸಿ ಹೊಡೆದದ್ದಾದರೆ ಚೆಂಡು 46 ಸೆಂಟಿಮೀಟರಿಗಿಂತ ಎತ್ತರದಲ್ಲಿ ಗೋಲು ಹೊಕ್ಕುವಂತಿಲ್ಲ. ಚಿಮ್ಮಿಸಿದ ಚೆಂಡಿಗೆ ಈ ಕಟ್ಟಳೆಯಿಲ್ಲ. 2.14 ಮೀಟರು ಎತ್ತರದ, 3.66 ಮೀಟರು ಅಗಲದ ಗೋಲಿನ ಮೇಲ್ಮೂಲೆಗಳೂ ಅದಕ್ಕೆ ತೆರೆದಿರುತ್ತವೆ. ಇದರ ಹಿಂದಿನ ಭೌತಶಾಸ್ತ್ರ ಪ್ರೌಢಶಾಲೆಯ ಪಾಠದಲ್ಲಿಯೇ ಇದೆ. ವಸ್ತುವಿನ ಸಂವೇಗ ಎಷ್ಟು ಬದಲಾಯಿತು ಎಂಬುದು ಬಲ ಮತ್ತು ಕಾಲದ ಗುಣಲಬ್ಧವನ್ನು ಅವಲಂಬಿಸುತ್ತದೆ. ಬೀಸಿ ಹೊಡೆದಾಗ ಸ್ಟಿಕ್ಕಿಗೂ ಚೆಂಡಿಗೂ ಸಂಪರ್ಕ ಸೆಕೆಂಡಿನ ಕೆಲವೇ ಸಾವಿರದ ಭಾಗ. ಡ್ರ್ಯಾಗ್ ಫ್ಲಿಕ್‌ನಲ್ಲಿ ಚೆಂಡು ಸ್ಟಿಕ್ಕಿನ ತುದಿಗೆ ಅಂಟಿದಂತೆ ಬಹಳ ಹೆಚ್ಚು ಹೊತ್ತು ಸಾಗುತ್ತದೆ. ಕಾಲು, ಸೊಂಟ, ಭುಜ, ಮಣಿಕಟ್ಟು ಒಂದಾದ ಮೇಲೊಂದರಂತೆ ಅದಕ್ಕೆ ಬಲ ಕೊಡುತ್ತಾ ಹೋಗುತ್ತವೆ. ದಿಕ್ಕು ಕೊನೆಯ ಗಳಿಗೆಯವರೆಗೂ ಆಟಗಾರನ ಕೈಯಲ್ಲಿರುತ್ತದೆ.

ಹಾಗೆ ಹೊರಟ ಚೆಂಡಿನ ವೇಗ ಗಂಟೆಗೆ 108 ಕಿಲೋಮೀಟರು ಎಂದಿಟ್ಟುಕೊಳ್ಳಿ. ಅಂದರೆ ಸೆಕೆಂಡಿಗೆ 30 ಮೀಟರು. 14 ಮೀಟರು ದಾಟಲು ಅರ್ಧ ಸೆಕೆಂಡೂ ಬೇಡ. ಕಣ್ಣು ಕಂಡದ್ದಕ್ಕೆ ಕೈ ಪ್ರತಿಕ್ರಿಯಿಸಲು ಸೆಕೆಂಡಿನ ಐದನೇ ಒಂದು ಭಾಗ ಹೋಗಿಬಿಡುತ್ತದೆ. ಈ ಲೆಕ್ಕ ಗೊತ್ತಿದ್ದೂ ಒಬ್ಬ ರಕ್ಷಕ ಗೋಲುಗೆರೆಯಿಂದ ನೇರವಾಗಿ ಚೆಂಡಿನತ್ತಲೇ ಓಡಬೇಕು. ಅವನನ್ನು ಫಸ್ಟ್ ರಶರ್ ಎನ್ನುತ್ತಾರೆ. ಮುಖಕ್ಕೆ ಮುಸುಕು, ಮೊಣಕಾಲಿಗೆ ಪ್ಯಾಡು, ಕೈಗೆ ಗವಸು ಇವೆ, ನಿಜ. ಆದರೂ ಅವನು ಮಾಡುತ್ತಿರುವುದು ಮೈಯನ್ನೇ ಗೋಡೆಯಾಗಿಸುವ ಕೆಲಸ. ಟೋಕಿಯೋದಲ್ಲಿ ಜರ್ಮನಿಯ ವಿರುದ್ಧ 5–4ರ ಮುನ್ನಡೆಯಿದ್ದಾಗ, ಕೊನೆಯ ಕೆಲವೇ ಸೆಕೆಂಡುಗಳಲ್ಲಿ ಎದುರಾಳಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಿತು. ಗೋಲುಗಾರ ಶ್ರೀಜೇಶ್ ಚೆಂಡನ್ನು ತಡೆದದ್ದು ಎಲ್ಲರಿಗೂ ನೆನಪಿದೆ. ಆ ತಂಡದಲ್ಲಿ ಹೀಗೆ ಮುನ್ನುಗ್ಗುವ ಕೆಲಸಕ್ಕೆ ಹೆಸರಾಗಿದ್ದವರು ಒಡಿಶಾದ ಅಮಿತ್ ರೋಹಿದಾಸ್. ಪ್ಯಾರಿಸ್‌ನ ಕ್ವಾರ್ಟರ್ ಫೈನಲ್‌ನಲ್ಲಿ ಕೆಂಪು ಕಾರ್ಡ್ ಪಡೆದ ಅವರು ಸೆಮಿಫೈನಲ್‌ನಲ್ಲಿ ಆಡುವಂತಿರಲಿಲ್ಲ. ಭಾರತ ಆ ಪಂದ್ಯವನ್ನು 2–3ರಿಂದ ಸೋತಿತು. ಒಬ್ಬ ರಕ್ಷಕ ಇಲ್ಲದಿದ್ದದ್ದೇ ಕಾರಣ ಎನ್ನಲಾಗದು, ಆದರೆ ಆ ಕೊರತೆ ಎದ್ದು ಕಂಡಿತು.

ರಘುನಾಥ್ ಈ ಗಳಿಗೆಯ ಎರಡೂ ತುದಿಗಳಲ್ಲಿ ಆಡಿದವರು. ಹಿಂದೆ ನಿಂತು ತಡೆಯುವುದು, ತನ್ನ ತಂಡಕ್ಕೆ ಕಾರ್ನರ್ ಸಿಕ್ಕಾಗ ಮುಂದೆ ಬಂದು ಚಿಮ್ಮಿಸುವುದು. ಕೊಡಗಿನ ಹಾತೂರಿನಲ್ಲಿ 1988ರ ನವೆಂಬರ್ 1ರಂದು ಹುಟ್ಟಿದ ಅವರು 2005ರಲ್ಲಿ, ಹದಿನೇಳು ತುಂಬುವ ಹೊತ್ತಿಗೇ ಭಾರತ ತಂಡ ಸೇರಿದರು. ಕೊಡಗಿನಲ್ಲಿ ಹಾಕಿ ಮನೆತನದ ಆಟ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಉತ್ಸವದಲ್ಲಿ 2024ರಲ್ಲಿ 360 ಕುಟುಂಬಗಳು ಆಡಿದವು. ಅಂಥ ನೆಲದಿಂದ ಬಂದ ರಘುನಾಥ್ 2007ರಲ್ಲಿ ಚೆನ್ನೈನಲ್ಲಿ ಏಷ್ಯಾ ಕಪ್ ಗೆದ್ದ ತಂಡದಲ್ಲಿದ್ದರು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಕಟ್ಟಕಡೆಯ 12ನೇ ಸ್ಥಾನಕ್ಕೆ ಕುಸಿದಾಗಲೂ ಅವರಿದ್ದರು. ಮರುವರ್ಷ ಇಪೋದ ಏಷ್ಯಾ ಕಪ್‌ನಲ್ಲಿ ಭಾರತಕ್ಕೆ ಬೆಳ್ಳಿ, ಅವರಿಗೆ ಟೂರ್ನಿಯ ಶ್ರೇಷ್ಠ ಆಟಗಾರನೆಂಬ ಗೌರವ. 2014ರಲ್ಲಿ ಇಂಚಾನ್ ಏಷ್ಯನ್ ಕ್ರೀಡೆಗಳ ಚಿನ್ನ, 2016ರಲ್ಲಿ ಅರ್ಜುನ ಪ್ರಶಸ್ತಿ. ಇನ್ನೂರಕ್ಕೂ ಹೆಚ್ಚು ಅಂತಾರಾಷ್ಟ್ರೀಯ ಪಂದ್ಯ, ನೂರಕ್ಕೂ ಹೆಚ್ಚು ಗೋಲು. ರಿಯೋ ನಂತರ ಅವರು ಭಾರತ ತಂಡದಲ್ಲಿ ಹೆಚ್ಚು ಕಾಲ ಉಳಿಯಲಿಲ್ಲ. ಆಗ ಅವರಿಗೆ 28. ಎಂಜಿನಿಯರಿಂಗ್ ಓದಿದ ಹುಡುಗ ಆ ವಯಸ್ಸಿಗೆ ಕೆಲಸದಲ್ಲಿ ಆಗಷ್ಟೇ ಕಾಲೂರಿರುತ್ತಾನೆ.

ಹಣದ ಮಾತನ್ನು ಮುಚ್ಚಿಡಬಾರದು, ತಂದೆ ತಾಯಿಯರು ಕೇಳುವುದೇ ಅದನ್ನು. ಹಾಕಿ ಇಂಡಿಯಾ ಲೀಗ್‌ನ ಮೊದಲ ಹರಾಜು 2012ರ ಡಿಸೆಂಬರ್‌ನಲ್ಲಿ ನಡೆದಾಗ ಉತ್ತರ ಪ್ರದೇಶ ವಿಝರ್ಡ್ಸ್ ತಂಡ ರಘುನಾಥ್ ಅವರನ್ನು 76,000 ಡಾಲರಿಗೆ, ಆಗಿನ ಲೆಕ್ಕದಲ್ಲಿ ಸುಮಾರು 41 ಲಕ್ಷ ರೂಪಾಯಿಗೆ ಕೊಂಡಿತು. ರಕ್ಷಕನೊಬ್ಬನಿಗೆ ಅಷ್ಟು ಬೆಲೆ ಬಂದದ್ದು ಆ ಡ್ರ್ಯಾಗ್ ಫ್ಲಿಕ್‌ನಿಂದಾಗಿಯೇ. ಆದರೆ ಲೀಗ್ 2017ರ ನಂತರ ನಿಂತುಹೋಯಿತು. ಮತ್ತೆ ಶುರುವಾದದ್ದು 2024ರ ಡಿಸೆಂಬರ್‌ನಲ್ಲಿ. ನಡುವಿನ ಏಳು ವರ್ಷಗಳಲ್ಲಿ ಇಪ್ಪತ್ತರಿಂದ ಇಪ್ಪತ್ತೇಳಕ್ಕೆ ಬೆಳೆದ ಹುಡುಗನಿಗೆ ಹರಾಜೂ ಇಲ್ಲ, ಡಾಲರೂ ಇಲ್ಲ. ರಘುನಾಥ್ ಅವರಿಗೆ ಇಂಡಿಯನ್ ಆಯಿಲ್ ಸಂಸ್ಥೆಯ ನೌಕರಿ ಇತ್ತು. ನಮ್ಮ ಹಾಕಿ ನಿಂತಿರುವುದು ಇಂಥ ನೌಕರಿಗಳ ಮೇಲೆ: ತೈಲ ಕಂಪನಿಗಳು, ರೈಲ್ವೆ, ಸೇನೆ, ಪೊಲೀಸ್, ಬ್ಯಾಂಕು.

ಬೆಂಗಳೂರಿನ ಹೊರವಲಯಕ್ಕೆ ಇದು ಪರಿಚಿತ ಸಂಗತಿ. ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್ ಕಾರ್ಖಾನೆಗಳು 1940ರಿಂದ 1954ರೊಳಗೆ ಹುಟ್ಟಿದವು. ಕಾರ್ಖಾನೆಯ ಜೊತೆಗೇ ವಸತಿ ಬಡಾವಣೆ, ಬಡಾವಣೆಯ ಜೊತೆಗೇ ಆಟದ ಮೈದಾನ ಬಂದವು. ಆಟ ಬಲ್ಲವನಿಗೆ ಅಲ್ಲಿ ಕೆಲಸ ಸಿಗುವ ದಾರಿಯಿತ್ತು. ಎಚ್‌ಎಂಟಿಯ ಕೈಗಡಿಯಾರ ಕಾರ್ಖಾನೆಗಳು ಮುಚ್ಚಿದವು. ಪೀಣ್ಯದಲ್ಲಿ ಬೆಳೆದದ್ದು ಸಣ್ಣ ಸಣ್ಣ ಲೇತ್ ಶೆಡ್ಡುಗಳು. ಎರಡು ಪಾಳಿ ನಡೆಸಲು ಹೆಣಗುವ ಮಾಲೀಕ ಆಟಗಾರನಿಗೆ ಸಂಬಳ ಕೊಟ್ಟು ಪಂದ್ಯಕ್ಕೆ ಕಳುಹಿಸಲಾರ. ಎಲೆಕ್ಟ್ರಾನಿಕ್ ಸಿಟಿ ಮತ್ತು ವೈಟ್‌ಫೀಲ್ಡ್‌ನ ಕಂಪನಿಗಳಿಗೆ ಅದು ಕಷ್ಟವೇನಲ್ಲ. ಆದರೆ ಹಳೆಯ ಕಾರ್ಖಾನೆಗಳಂತೆ ಆಟಗಾರನನ್ನು ನೌಕರನಾಗಿ ಸಾಕುವ ಪದ್ಧತಿ ಅಲ್ಲಿ ಬೆಳೆಯಲಿಲ್ಲ. ಅವರ ಗಾಜಿನ ಕಟ್ಟಡಗಳ ಒಳಗೆ ಟೇಬಲ್ ಟೆನಿಸ್ ಮೇಜು ಮಾತ್ರ ತಪ್ಪದೆ ಇರುತ್ತದೆ!

ಇನ್ನೊಂದು ತೊಡಕು ನೆಲದ್ದು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಿಂದ ಈಚೆಗೆ ದೊಡ್ಡ ಹಾಕಿ ಕೃತಕ ಹಾಸಿನ ಮೇಲೆಯೇ ನಡೆಯುತ್ತದೆ. ಮಣ್ಣಿನ ಮೇಲೆ ಪುಟಿಯುವ ಚೆಂಡನ್ನು ತಡೆದು ಕಲಿತವನಿಗೆ ಟರ್ಫ್‌ನ ಮೇಲೆ ಜಾರಿ ಬರುವ ಚೆಂಡು ಬೇರೆಯೇ ಪಾಠ. ಡ್ರ್ಯಾಗ್ ಫ್ಲಿಕ್ ಅಂತೂ ನುಣುಪಾದ ಹಾಸಿಲ್ಲದೆ ಕೂಡಿ ಬರುವುದಿಲ್ಲ. ಹಾಸಿಗೆ ನೀರೂ ಹಾಯಿಸಬೇಕು. ಟ್ಯಾಂಕರಿಗೆ ಕಾಯುವ ಬಡಾವಣೆಗಳಲ್ಲಿ ಆ ಮಾತೆತ್ತುವವರು ಯಾರು? ಬೆಂಗಳೂರಿನ ಹೆಸರಾಂತ ಟರ್ಫ್‌ಗಳು ಶಾಂತಿನಗರದ ಕಾರ್ಯಪ್ಪ ಕ್ರೀಡಾಂಗಣದಲ್ಲಿ ಮತ್ತು ಜ್ಞಾನಭಾರತಿಯಲ್ಲಿವೆ. ಶಾಲೆ ಬಿಟ್ಟ ಮೇಲೆ ವೈಟ್‌ಫೀಲ್ಡ್‌ನಿಂದ ಶಾಂತಿನಗರಕ್ಕೆ ಹೋಗಿ ಬರುವುದೆಂದರೆ ಸಂಜೆಯೆಲ್ಲ ರಸ್ತೆಯ ಮೇಲೆಯೇ.

ಇಷ್ಟಾದರೂ ಮಗನೋ ಮಗಳೋ ಸ್ಟಿಕ್ ಹಿಡಿದು ಹಿಂದೆ ನಿಲ್ಲುತ್ತೇನೆಂದು ಹಟ ಹಿಡಿದರೆ, ಮೊದಲ ಖರ್ಚು ಹಲ್ಲಿನ ಗಾರ್ಡ್‌ಗೆ ಮತ್ತು ಮೊಣಕಾಲಿನ ಕೆಳಗಿನ ಪ್ಯಾಡಿಗೆ ಆಗಲಿ, ದುಬಾರಿ ಸ್ಟಿಕ್ಕಿಗೆ ಬೇಡ. ಡ್ರ್ಯಾಗ್ ಫ್ಲಿಕ್ಕಿಗೆ ಅವಸರ ಬೇಡ. ಸೊಂಟ ಮತ್ತು ಬೆನ್ನಿನ ಮೇಲೆ ಅದು ಹಾಕುವ ಒತ್ತಡ ಬೆಳೆಯುವ ಮೂಳೆಗೆ ಒಳ್ಳೆಯದಲ್ಲ. ಚೆಂಡು ನಿಲ್ಲಿಸುವುದು, ಬಗ್ಗಿ ಓಡುವುದು, ಎದುರಾಳಿಯನ್ನು ಬದಿಗೆ ತಳ್ಳುತ್ತಾ ಹೋಗುವುದು ಮೊದಲು ಬರಲಿ. ಹತ್ತನೇ ತರಗತಿಯ ಪುಸ್ತಕಗಳನ್ನು ಮಾತ್ರ ಯಾವ ತರಬೇತುದಾರ ಹೇಳಿದರೂ ಪಕ್ಕಕ್ಕಿಡಬೇಡಿ. ಕ್ರೀಡಾ ಕೋಟಾದ ನೌಕರಿಯ ಅರ್ಜಿಯಲ್ಲೂ ವಿದ್ಯಾರ್ಹತೆ ಎಂಬ ಕಾಲಂ ಇರುತ್ತದೆ.